ಸಾವಿರ ಕೈಗಳ ಕೆಲಸ: ಹೆಸರು ಬರೆದಿಡುವವರು ಯಾರು?

2021ರ ಏಪ್ರಿಲ್ 19ರಂದು ಮಂಗಳ ಗ್ರಹದ ತೆಳು ಗಾಳಿಯಲ್ಲಿ ಒಂದು ಪುಟ್ಟ ಹೆಲಿಕಾಪ್ಟರ್ ಮೇಲೆದ್ದಿತು. ತೂಕ ಎರಡು ಕಿಲೋಗ್ರಾಮಿಗೂ ಕಡಿಮೆ. ಏರಿದ್ದು ಮೂರು ಮೀಟರ್, ಗಾಳಿಯಲ್ಲಿದ್ದದ್ದು 39 ಸೆಕೆಂಡು. ಇನ್ನೊಂದು ಗ್ರಹದಲ್ಲಿ ಮನುಷ್ಯ ಕಟ್ಟಿದ ಯಂತ್ರವೊಂದು ತನ್ನ ಬಲದಿಂದಲೇ ಹಾರಿದ್ದು ಅದೇ ಮೊದಲು. ನಾಸಾದ ಈ ‘ಇಂಜೆನ್ಯುಯಿಟಿ’ ಒಟ್ಟು 72 ಬಾರಿ ಹಾರಿ, 2024ರ ಜನವರಿಯಲ್ಲಿ ರೆಕ್ಕೆ ಮುರಿದುಕೊಂಡು ವಿಶ್ರಾಂತಿಗೆ ಸಂದಿತು.

ಆ ಮೊದಲ ಹಾರಾಟದ ದಿನವೇ ಭೂಮಿಯ ಮೇಲೂ ಒಂದು ಸಂಗತಿ ನಡೆಯಿತು. ಅದು ಪತ್ರಿಕೆಗಳ ಮುಖಪುಟಕ್ಕೆ ಬರಲಿಲ್ಲ. ಜಗತ್ತಿನ ನಾನಾ ಮೂಲೆಗಳಲ್ಲಿ ಕುಳಿತಿದ್ದ ಸುಮಾರು 12,000 ಮಂದಿ ತಮ್ಮ ಕಂಪ್ಯೂಟರ್ ತೆರೆದಾಗ ತಮ್ಮ ಹೆಸರಿನ ಪಕ್ಕದಲ್ಲಿ ಹೊಸದೊಂದು ಬಿಲ್ಲೆ ಕಂಡರು. ‘ಮಂಗಳದ ಹೆಲಿಕಾಪ್ಟರಿಗೆ ಕೊಡುಗೆ ನೀಡಿದವರು’ ಎಂಬುದು ಅದರ ಅರ್ಥ. ಇವರಲ್ಲಿ ಬಹುಪಾಲು ಜನ ನಾಸಾದ ಬಾಗಿಲನ್ನೂ ಕಂಡವರಲ್ಲ. ಎಂದೋ ಬಿಡುವಿನಲ್ಲಿ ಯಾವುದೋ ಉಚಿತ ತಂತ್ರಾಂಶದಲ್ಲಿ ಒಂದು ತಪ್ಪು ತಿದ್ದಿದ್ದರು, ನಾಲ್ಕು ಸಾಲು ಸೇರಿಸಿದ್ದರು. ಆ ನಾಲ್ಕು ಸಾಲು ತಿರುಗಿ ತಿರುಗಿ ಮಂಗಳ ಗ್ರಹ ಮುಟ್ಟಿತ್ತು. ಇದು ಅವರಿಗೇ ಗೊತ್ತಿರಲಿಲ್ಲ.

ಹಾಗಾದರೆ ಈ ಪಟ್ಟಿ ಮಾಡಿದವರು ಯಾರು? ಒಬ್ಬ ಗುಮಾಸ್ತ ಕುಳಿತು ಬರೆದದ್ದಲ್ಲ. ಹೆಲಿಕಾಪ್ಟರಿನಲ್ಲಿ ಬಳಸಿದ ತಂತ್ರಾಂಶಗಳ ಮತ್ತು ಅವುಗಳ ಆವೃತ್ತಿಗಳ ಪಟ್ಟಿಯನ್ನು ನಾಸಾದ ಪ್ರಯೋಗಾಲಯ ಕೊಟ್ಟಿತು. ಅಂಥ ತಂತ್ರಾಂಶಗಳನ್ನು ಇಟ್ಟುಕೊಂಡಿರುವ ‘ಗಿಟ್‌ಹಬ್’ ಎಂಬ ತಾಣ, ಪ್ರತಿಯೊಂದರ ಇತಿಹಾಸವನ್ನು ಯಂತ್ರದಿಂದಲೇ ಓದಿಸಿ, ಆ ಆವೃತ್ತಿಯವರೆಗೆ ಯಾರ ಯಾರ ಕೈ ಸೋಂಕಿದೆ ಎಂದು ಹೆಕ್ಕಿ ತೆಗೆಯಿತು. ಹೆಸರು ಉಳಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಈ ಪದ್ಧತಿ ಹೇಗೆ ಬಂತು, ಅದು ಯಾರನ್ನು ಕಾಣುತ್ತದೆ, ಯಾರನ್ನು ಕಾಣುವುದಿಲ್ಲ ಎಂಬುದೇ ಈ ವಾರದ ವಿಷಯ.

ಊರ ಕೆರೆಯ ಹಾಗೆ

ಮುಕ್ತ ತಂತ್ರಾಂಶವೆಂದರೇನು ಎಂಬುದನ್ನು ಮೊದಲು ಎರಡು ಮಾತಿನಲ್ಲಿ ಹೇಳಬೇಕು. ಯಾವುದೇ ತಂತ್ರಾಂಶಕ್ಕೆ ಒಂದು ಮೂಲ ಬರಹವಿರುತ್ತದೆ. ಪ್ರೋಗ್ರಾಮರು ಬರೆಯುವುದು ಅದನ್ನೇ. ಕಂಪನಿಗಳು ಸಾಮಾನ್ಯವಾಗಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತವೆ. ಮುಕ್ತ ತಂತ್ರಾಂಶದಲ್ಲಿ ಅದು ಎಲ್ಲರೆದುರು ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಊರಿನವರೆಲ್ಲ ಸೇರಿ ಕೆರೆಯ ಹೂಳೆತ್ತಿದ ಹಾಗೆ. ನೀರು ಎಲ್ಲರಿಗೂ ಸಲ್ಲುತ್ತದೆ, ಬುಟ್ಟಿ ಹೊತ್ತವರಿಗೆ ಕೂಲಿ ಇಲ್ಲ.

ಕೂಲಿ ಇಲ್ಲದ ಕೆಲಸಕ್ಕೆ ಹೆಸರೇ ಕೂಲಿ. ಇದು ಬರೀ ಅಭಿಮಾನದ ಮಾತಲ್ಲ. ಇಂದು ಬೆಂಗಳೂರಿನ ಯಾವುದೇ ತಂತ್ರಾಂಶ ಕಂಪನಿಯ ಸಂದರ್ಶನಕ್ಕೆ ಹೋಗುವ ಹುಡುಗ ಹುಡುಗಿಯರ ಅರ್ಜಿಯಲ್ಲಿ ‘ನಾನು ಇಂಥ ಮುಕ್ತ ತಂತ್ರಾಂಶಕ್ಕೆ ಕೆಲಸ ಮಾಡಿದ್ದೇನೆ’ ಎಂಬ ಸಾಲು ಇರುತ್ತದೆ. ದೊಡ್ಡ ಕಾಲೇಜಿನ ಮುದ್ರೆ ಇಲ್ಲದವರಿಗೆ ಆ ಸಾಲೇ ಮುದ್ರೆ. ಆದ್ದರಿಂದ ಪಟ್ಟಿಯಲ್ಲಿ ಹೆಸರು ಇದೆಯೇ ಇಲ್ಲವೇ ಎಂಬುದು ಕೆಲವೊಮ್ಮೆ ಅನ್ನದ ಪ್ರಶ್ನೆಯೂ ಹೌದು.

ಇದರ ಬಿಸಿ ವರದಿಗಾರರಾದ ನಮಗೂ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಮೊದಲ ವರದಿ ಅಚ್ಚಾದ ದಿನ ಪತ್ರಿಕೆಯನ್ನು ಮನೆಗೆ ಒಯ್ದು, ‘ಅಮ್ಮ, ಇದು ನಾನು ಬರೆದದ್ದು’ ಎಂದು ಬೆರಳಿಟ್ಟು ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಕೇಳಿದರು: ‘ಇಲ್ಲಿ ನಮ್ಮ ಪ್ರತಿನಿಧಿಯಿಂದ ಅಂತ ಇದೆಯಲ್ಲೋ, ನಿನ್ನ ಹೆಸರು ಎಲ್ಲಿ?’ ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು.

ಬಚ್ಚಿಟ್ಟ ಹೆಸರು

ಕಂಪ್ಯೂಟರ್ ಲೋಕದಲ್ಲಿ ಹೆಸರಿಗಾಗಿ ನಡೆದ ಹೋರಾಟ ಮುಕ್ತ ತಂತ್ರಾಂಶಕ್ಕಿಂತ ಹಳೆಯದು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಅಟಾರಿ ಕಂಪನಿ ವಿಡಿಯೊ ಆಟಗಳಿಗೆ ಹೆಸರಾಗಿತ್ತು. ಒಂದೊಂದು ಆಟವನ್ನೂ ಸಾಮಾನ್ಯವಾಗಿ ಒಬ್ಬನೇ ಪ್ರೋಗ್ರಾಮರ್ ಆದಿಯಿಂದ ಅಂತ್ಯದವರೆಗೆ ರಚಿಸುತ್ತಿದ್ದ. ಆಟ ಲಕ್ಷಗಟ್ಟಲೆ ಮಾರಾಟವಾದರೂ ಡಬ್ಬದ ಮೇಲೆ ಅವನ ಹೆಸರಿಲ್ಲ. ಹೆಸರು ಹೊರಬಿದ್ದರೆ ಬೇರೆ ಕಂಪನಿಯವರು ಸೆಳೆದುಕೊಂಡಾರು, ಆತ ಹೆಚ್ಚು ಸಂಬಳ ಕೇಳಿಯಾನು ಎಂಬುದು ಒಳಗಿನ ಲೆಕ್ಕ.

ವಾರೆನ್ ರಾಬಿನೆಟ್ ಎಂಬ ಪ್ರೋಗ್ರಾಮರ್ ಇದಕ್ಕೊಂದು ಉಪಾಯ ಹೂಡಿದ. 1980ರಲ್ಲಿ ಮಾರುಕಟ್ಟೆಗೆ ಬಂದ ತನ್ನ ‘ಅಡ್ವೆಂಚರ್’ ಆಟದೊಳಗೆ ಗುಟ್ಟಿನ ಕೋಣೆಯೊಂದನ್ನು ಕಟ್ಟಿದ. ಸಾಸಿವೆಯಂಥ ಒಂದು ಬೂದು ಚುಕ್ಕೆಯನ್ನು ಹುಡುಕಿ, ಅದನ್ನು ಹೊತ್ತು ಸರಿಯಾದ ಗೋಡೆಯ ಬಳಿಗೆ ಹೋದವರಿಗೆ ಮಾತ್ರ ಆ ಕೋಣೆ ತೆರೆಯುತ್ತಿತ್ತು. ಒಳಗೆ ಬೇರೇನೂ ಇಲ್ಲ, ಈ ಆಟವನ್ನು ರಚಿಸಿದವನು ಇಂಥವನು ಎಂಬ ಬರಹ ಮಾತ್ರ. ಮೇಲಧಿಕಾರಿಗಳಿಗೆ ಸುಳಿವೇ ಇರಲಿಲ್ಲ. ಹದಿಹರೆಯದ ಹುಡುಗನೊಬ್ಬ ಅದನ್ನು ಕಂಡುಹಿಡಿದು ಕಂಪನಿಗೆ ಪತ್ರ ಬರೆಯುವ ಹೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟು ಹೋಗಿ ಆಗಿತ್ತು. ಅದೇ ಕಂಪನಿಯ ನಾಲ್ವರು ಪ್ರೋಗ್ರಾಮರುಗಳು ಮುನಿಸಿಕೊಂಡು ಹೊರಬಂದು 1979ರಲ್ಲಿ ‘ಆಕ್ಟಿವಿಷನ್’ ಎಂಬ ಹೊಸ ಸಂಸ್ಥೆ ಕಟ್ಟುವುದರಲ್ಲಿ ಪಾಲ್ಗೊಂಡರು. ಅಲ್ಲಿ ಆಟದೊಂದಿಗೆ ಅದನ್ನು ಬರೆದವರ ಹೆಸರೂ ಅಚ್ಚಾಗತೊಡಗಿತು.

ಅಟಾರಿಯಲ್ಲಿ ಬರೆದವನು ಒಬ್ಬ, ಹೆಸರು ಒಂದು. ಬರೆದವರು ಸಾವಿರ ಮಂದಿಯಾದರೆ?

ಪಟ್ಟಿಯ ಕಾಲ

ಮುಕ್ತ ತಂತ್ರಾಂಶದ ಮೊದಲ ತಲೆಮಾರು ಇದಕ್ಕೆ ಕಂಡುಕೊಂಡ ದಾರಿ ಸರಳ: ತಂತ್ರಾಂಶದ ಜೊತೆಯಲ್ಲೇ ಹೆಸರಿನ ಪಟ್ಟಿಯನ್ನೂ ಕಟ್ಟಿ ಕಳಿಸುವುದು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ‘ಗ್ನು’ ಯೋಜನೆಯಲ್ಲಿ ಬರೆದವರಿಗೆಂದು ಒಂದು ಕಡತ, ನೆರವಾದವರಿಗೆ ವಂದನೆ ಹೇಳಲು ಇನ್ನೊಂದು ಕಡತ ಇಡುವ ರೂಢಿ ಬೆಳೆಯಿತು. ಮೊದಲನೆಯ ಕಡತ ಇಲ್ಲದಿದ್ದರೆ ತಂತ್ರಾಂಶವನ್ನು ಕಟ್ಟುವ ಸಾಧನವೇ ತಕರಾರು ಮಾಡುವಂತೆಯೂ ಮಾಡಿದರು.

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿದ ಲಿನಕ್ಸ್, 1994ರ ಮಾರ್ಚಿನಲ್ಲಿ ತನ್ನ 1.0 ಆವೃತ್ತಿ ತಲುಪಿದಾಗ ಅದರೊಂದಿಗೂ ಅಂಥ ಪಟ್ಟಿಯಿತ್ತು. ಸುಮಾರು 80 ಹೆಸರುಗಳು. ಈ ಕಡತ ಇಂದಿಗೂ ಇದೆ, ಓದಲು ಸೊಗಸಾಗಿದೆ. ಪ್ರತಿಯೊಬ್ಬರ ಹೆಸರು, ಇ-ಮೇಲ್, ಮಾಡಿದ ಕೆಲಸ, ಕೊನೆಗೆ ಅಂಚೆ ವಿಳಾಸ. ಹೌದು, ಮನೆ ಬಾಗಿಲಿಗೆ ಅಂಚೆಯವನು ಬರುವ ವಿಳಾಸವೇ. ಆಗಿನ ಕಾಲಕ್ಕೆ ಅದು ನಂಬಿಕೆಯ ಗುರುತು. ಆ ಕಡತದ ಮೊದಲ ಸಾಲುಗಳು ಎರಡು ಸಂಗತಿ ಒಪ್ಪಿಕೊಳ್ಳುತ್ತವೆ. ಒಂದು, ಇದು ಪೂರ್ಣ ಪಟ್ಟಿಯಲ್ಲ. ಎರಡು, ಯಂತ್ರಕ್ಕೆ ಓದಲು ಸುಲಭವಾಗಲೆಂದು ಇದನ್ನು ಇಂಥ ಕ್ರಮದಲ್ಲಿ ಬರೆಯಲಾಗಿದೆ. ಮುಂದಿನ ಮೂವತ್ತು ವರ್ಷದ ಕಥೆಯೆಲ್ಲ ಈ ಎರಡು ಮಾತಿನಲ್ಲೇ ಅಡಗಿದೆ ಎನ್ನಬಹುದು.

ಪಟ್ಟಿಗೆ ಬೇರೆ ಕಷ್ಟವೂ ಇತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ತಂತ್ರಾಂಶದ ಪರವಾನಗಿಯಲ್ಲಿ ಒಂದು ಷರತ್ತು ಹಾಕಿತ್ತು: ಇದರ ಗುಣಗಳನ್ನು ಹೇಳುವ ಪ್ರತಿ ಜಾಹೀರಾತಿನಲ್ಲೂ ನಮ್ಮ ಹೆಸರು ಹೇಳಬೇಕು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅದನ್ನು ನೋಡಿದ ಮಿಕ್ಕವರೂ ತಮ್ಮ ತಮ್ಮ ಹೆಸರು ಹಾಕಿ ಅದೇ ಷರತ್ತು ಬರೆಯತೊಡಗಿದರು. 1997ರ ‘ನೆಟ್‌ಬಿಎಸ್‌ಡಿ’ ಆವೃತ್ತಿಯೊಂದರಲ್ಲಿ ಸ್ಟಾಲ್‌ಮನ್ ಎಣಿಸಿದಾಗ ಅಂಥ 75 ವಾಕ್ಯಗಳು ಸಿಕ್ಕವು. ಜಾಹೀರಾತಿಗಿಂತ ವಂದನಾರ್ಪಣೆಯೇ ಉದ್ದ! ಕೊನೆಗೆ 1999ರ ಜುಲೈಯಲ್ಲಿ ವಿಶ್ವವಿದ್ಯಾಲಯ ಆ ಷರತ್ತನ್ನು ಕೈಬಿಟ್ಟಿತು. ಮದುವೆ ಮನೆಯ ಉಡುಗೊರೆ ಪಟ್ಟಿಯನ್ನು ಧ್ವನಿವರ್ಧಕದಲ್ಲಿ ಓದುವುದನ್ನು ಕೇಳಿದವರಿಗೆ ಈ ತೊಂದರೆ ವಿವರಿಸಬೇಕಾಗಿಲ್ಲ.

ಯಂತ್ರ ಬರೆಯುವ ಲೆಕ್ಕ

ಯಂತ್ರ ಈ ಕೆಲಸಕ್ಕೆ ಬಂದದ್ದು ಒಂದು ಮೊಕದ್ದಮೆಯ ಬೆನ್ನಿಗೆ. 2003ರ ಮಾರ್ಚಿನಲ್ಲಿ ಎಸ್‌ಸಿಒ ಎಂಬ ಕಂಪನಿ ಐಬಿಎಂ ಮೇಲೆ ದಾವೆ ಹೂಡಿತು. ತನ್ನ ಸ್ವತ್ತು ಲಿನಕ್ಸಿನೊಳಗೆ ಸೇರಿದೆ ಎಂಬುದು ಅದರ ವಾದ. ಆಗ ಎದ್ದ ಪ್ರಶ್ನೆ: ಈ ಸಾಲು ಎಲ್ಲಿಂದ ಬಂತು, ಯಾರ ಮೂಲಕ ಬಂತು ಎಂದು ಹೇಳುವುದು ಹೇಗೆ? 2004ರಲ್ಲಿ ಟೋರ್ವಾಲ್ಡ್ಸ್ ಒಂದು ಕ್ರಮ ತಂದರು. ತಿದ್ದುಪಡಿ ಕಳಿಸುವ ಪ್ರತಿಯೊಬ್ಬರೂ, ಅದನ್ನು ಮುಂದಕ್ಕೆ ದಾಟಿಸುವವರೂ ಅದರ ಕೆಳಗೆ ತಮ್ಮ ಹೆಸರಿನ ರುಜು ಸಾಲು ಸೇರಿಸಬೇಕು. ಇದು ನನ್ನದು, ಇಲ್ಲವೇ ಕೊಡಲು ನನಗೆ ಹಕ್ಕಿದೆ ಎಂಬುದರ ಘೋಷಣೆ ಅದು.

ಮರುವರ್ಷ, 2005ರ ಏಪ್ರಿಲಿನಲ್ಲಿ, ಲಿನಕ್ಸ್ ಬಳಗ ಅಲ್ಲಿಯವರೆಗೆ ಬಳಸುತ್ತಿದ್ದ ಖಾಸಗಿ ಸಾಧನವೊಂದರ ಉಚಿತ ಸೌಲಭ್ಯ ನಿಂತುಹೋಯಿತು. ಟೋರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ‘ಗಿಟ್’ ಎಂಬ ಸ್ವಂತ ಸಾಧನ ಸಿದ್ಧಪಡಿಸಿದರು. ಇಂದು ಜಗತ್ತಿನ ತಂತ್ರಾಂಶ ಕೆಲಸದ ಬಹುಪಾಲು ನಡೆಯುವುದು ಇದರ ಮೇಲೆಯೇ. ಗಿಟ್ ಅನ್ನು ಮುಗಿಯದ ಒಂದು ಲೆಕ್ಕದ ಪುಸ್ತಕ ಎನ್ನಬಹುದು. ಪ್ರತಿ ತಿದ್ದುಪಡಿಯೂ ಒಂದು ನಮೂದು. ಏನು ಬದಲಾಯಿತು, ಯಾವಾಗ, ಏಕೆ, ಯಾರಿಂದ ಎಂಬುದೆಲ್ಲ ಅದರಲ್ಲಿರುತ್ತದೆ. ‘ಯಾರಿಂದ’ ಎಂಬಲ್ಲಿ ಎರಡು ಹೆಸರಿಗೆ ಜಾಗವಿದೆ. ಬರೆದವನು ಒಬ್ಬ, ಅದನ್ನು ಒಳಗೆ ಸೇರಿಸಿದವನು ಇನ್ನೊಬ್ಬ. ನಮ್ಮಲ್ಲಿ ವರದಿಗಾರ ಮತ್ತು ಉಪಸಂಪಾದಕ ಇದ್ದ ಹಾಗೆ.

ಇಷ್ಟಾದ ಮೇಲೆ ಪಟ್ಟಿ ಮಾಡುವುದು ಸಲೀಸು. ಒಂದು ಸಣ್ಣ ಆದೇಶ ಕೊಟ್ಟರೆ ಸಾಕು, ಹತ್ತು ವರ್ಷದ ಕೆಲಸದಲ್ಲಿ ಯಾರ ನಮೂದು ಎಷ್ಟು ಎಂದು ಗಿಟ್ ಕ್ಷಣದಲ್ಲಿ ಹೇಳುತ್ತದೆ. ‘ರಸ್ಟ್’ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ಪ್ರತಿ ಆವೃತ್ತಿಗೂ ದುಡಿದವರ ಹೆಸರುಗಳನ್ನು ಹೀಗೆಯೇ ತೆಗೆದು ಪ್ರಕಟಿಸುತ್ತಾರೆ.

ಇದನ್ನು ಅಚ್ಚುಕಟ್ಟಾಗಿ ಮಾಡುವವರಲ್ಲಿ ‘ಕರ್ಲ್’ ಬಳಗ ಒಂದು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ನಡೆಸುತ್ತಿರುವ ಈ ತಂತ್ರಾಂಶದ ಕೆಲಸ, ಅಂತರ್ಜಾಲದಲ್ಲಿ ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಫೋನು, ಟಿ.ವಿ., ಕಾರು ಎಲ್ಲದರಲ್ಲೂ ಇದೆ. ಮಂಗಳದ ಹೆಲಿಕಾಪ್ಟರಿನ ಪಟ್ಟಿಯಲ್ಲೂ ಇತ್ತು. ಪ್ರತಿ ಹೊಸ ಆವೃತ್ತಿಯ ಹೊತ್ತಿಗೆ ಒಂದು ಪುಟ್ಟ ಪ್ರೋಗ್ರಾಂ ಹಿಂದಿನ ಆವೃತ್ತಿಯಿಂದ ಈಚೆಗಿನ ನಮೂದುಗಳನ್ನೆಲ್ಲ ಓದುತ್ತದೆ. ಬರೆದವರ ಹೆಸರಷ್ಟೇ ಅಲ್ಲ, ‘ದೋಷ ತಿಳಿಸಿದವರು ಇಂಥವರು’, ‘ನೆರವಾದವರು ಇಂಥವರು’ ಎಂಬ ಸಾಲುಗಳನ್ನೂ ಹೆಕ್ಕುತ್ತದೆ. ಹೊಸ ಹೆಸರುಗಳು ವಂದನೆಯ ಕಡತಕ್ಕೆ ಸೇರುತ್ತವೆ. ಆ ಕಡತದಲ್ಲಿ ಈಗ ಮೂರು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಎಲ್ಲರೂ ಅಕಾರಾದಿಯಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ. ಸಾವಿರ ತಿದ್ದುಪಡಿ ಮಾಡಿದವನಿಗೂ ಒಂದು ಸಾಲು, ಒಂದು ತಪ್ಪು ತೋರಿಸಿದವನಿಗೂ ಒಂದು ಸಾಲು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ದೋಷ ತಿಳಿಸಿದವರ ಹೆಸರನ್ನು ಯಂತ್ರ ಹೆಕ್ಕಿದ್ದು ನಿಜ. ಆದರೆ ತಿದ್ದುಪಡಿ ಬರೆಯುವಾಗ ಆ ಸಾಲನ್ನು ಸೇರಿಸಿದ್ದು ಮನುಷ್ಯ. ಅವನು ಮರೆತರೆ ಯಂತ್ರಕ್ಕೆ ನೆನಪಿಲ್ಲ.

ಕಾಣದ ದುಡಿಮೆ

ಯಂತ್ರದ ದೊಡ್ಡ ಮಿತಿ ಇದೇ. ಗಿಟ್ ಎಣಿಸುವುದು ನಮೂದುಗಳನ್ನು. ಒಂದು ತಂತ್ರಾಂಶ ಬದುಕಲು ಬೇಕಾದ ಕೆಲಸಗಳಲ್ಲಿ ಎಷ್ಟೋ ಆ ಪುಸ್ತಕಕ್ಕೆ ಬರುವುದೇ ಇಲ್ಲ. ಹೊಸಬರ ಪ್ರಶ್ನೆಗೆ ರಾತ್ರಿ ಕುಳಿತು ಉತ್ತರಿಸುವವರು, ಚಿತ್ರ ಬಿಡಿಸಿಕೊಟ್ಟವರು, ಸಭೆ ಏರ್ಪಡಿಸಿದವರು, ಬಳಸಿ ನೋಡಿ ‘ಇದು ಅರ್ಥವಾಗುವುದಿಲ್ಲ’ ಎಂದು ಹೇಳಿದವರು, ಹಣ ಕೊಟ್ಟವರು. ಮತ್ತೆ, ನಮೂದಿನ ಸಂಖ್ಯೆಯೂ ನಂಬುವಂಥದಲ್ಲ. ವಾರವಿಡೀ ತಲೆ ಕೆರೆದುಕೊಂಡು ಹಿಡಿದ ದೋಷಕ್ಕೆ ಒಂದು ನಮೂದು, ಕಾಗುಣಿತ ತಿದ್ದಿದ್ದಕ್ಕೂ ಒಂದು ನಮೂದು.

ತಪ್ಪು ತೋರಿಸುವುದೂ ಕೊಡುಗೆಯೇ ಎಂಬುದನ್ನು ಬಹಳ ಹಿಂದೆಯೇ ಕಂಡವರು ಅಮೆರಿಕದ ಗಣಕ ವಿಜ್ಞಾನಿ ಡೊನಾಲ್ಡ್ ನೂತ್. ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿದ ಪ್ರತಿಯೊಬ್ಬರಿಗೂ ಅವರು 2 ಡಾಲರ್ 56 ಸೆಂಟಿನ ಚೆಕ್ ಬರೆದು ಕಳಿಸುತ್ತಿದ್ದರು. ಪಡೆದವರಲ್ಲಿ ಅನೇಕರು ಅದನ್ನು ಬ್ಯಾಂಕಿಗೆ ಒಯ್ಯದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಎರಡೂವರೆ ಡಾಲರಿಗೆ ಏನು ಬಂದೀತು? ಆದರೆ ಅದರ ಮೇಲೆ ತಮ್ಮ ಹೆಸರಿತ್ತು, ನೂತ್ ಅವರ ಕೈಬರಹವಿತ್ತು.

ಲಿನಕ್ಸಿನವರೂ ಕಾಲಕ್ರಮದಲ್ಲಿ ರುಜು ಸಾಲಿನ ಜೊತೆಗೆ ‘ದೋಷ ತಿಳಿಸಿದವರು’, ‘ಪರೀಕ್ಷಿಸಿದವರು’, ‘ಪರಿಶೀಲಿಸಿದವರು’, ‘ಸಲಹೆ ಕೊಟ್ಟವರು’, ‘ಜೊತೆಗೂಡಿ ರಚಿಸಿದವರು’ ಎಂಬ ಸಾಲುಗಳನ್ನು ರೂಢಿಗೆ ತಂದರು. ಇನ್ನೂ ಮುಂದೆ ಹೋದದ್ದು, ಅಮೆರಿಕದ ಪ್ರೋಗ್ರಾಮರ್ ಕೆಂಟ್ ಡಾಡ್ಸ್ ಆರಂಭಿಸಿದ ‘ಆಲ್ ಕಾಂಟ್ರಿಬ್ಯೂಟರ್ಸ್’ ಎಂಬ ಪದ್ಧತಿ. ಇದರಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಕೆಲಸಗಳಿಗೆ ಒಂದೊಂದು ಪುಟ್ಟ ಚಿತ್ರ ಗೊತ್ತುಮಾಡಿದ್ದಾರೆ. ಅನುವಾದಕ್ಕೆ ಭೂಗೋಳ, ದೋಷ ತಿಳಿಸಿದ್ದಕ್ಕೆ ಹುಳು, ವಿವರಣೆ ಬರೆದದ್ದಕ್ಕೆ ಪುಸ್ತಕ, ವಿನ್ಯಾಸಕ್ಕೆ ಬಣ್ಣದ ತಟ್ಟೆ. ‘ಇಂಥವರನ್ನು ಅನುವಾದಕ್ಕಾಗಿ ಸೇರಿಸು’ ಎಂದು ಒಂದು ಸಾಲು ಬರೆದರೆ ಸಾಕು. ಯಂತ್ರಸೇವಕನೊಬ್ಬ ಅವರ ಹೆಸರು, ಭಾವಚಿತ್ರ, ಕೆಲಸದ ಗುರುತು ಎಲ್ಲವನ್ನೂ ಜೋಡಿಸಿ ತಂತ್ರಾಂಶದ ಮೊದಲ ಪುಟದ ಕೋಷ್ಟಕಕ್ಕೆ ಸೇರಿಸಲು ಸಿದ್ಧಪಡಿಸುತ್ತಾನೆ. ಬರೆಯುವ ಬೇಸರ ಯಂತ್ರದ್ದು, ಗುರುತಿಸುವ ಹೊಣೆ ಮನುಷ್ಯನದು. ಕೆಲಸ ಹಂಚಿದ ರೀತಿ ಜಾಣತನದ್ದು.

ಹೆಸರೆಂದರೆ ಯಾವ ಹೆಸರು?

ಇನ್ನೊಂದು ತೊಡಕು ಹೆಸರಿನದೇ. ಯಂತ್ರಕ್ಕೆ ಒಬ್ಬ ವ್ಯಕ್ತಿ ಎಂದರೆ ಒಂದು ಹೆಸರು, ಒಂದು ಇ-ಮೇಲ್. ಕೆಲಸ ಬದಲಾಗಿ ಇ-ಮೇಲ್ ಬದಲಾದರೆ ಒಬ್ಬರೇ ಇಬ್ಬರಾಗುತ್ತಾರೆ. ನಮ್ಮ ಕಡೆಯವರ ಪಾಡು ಇನ್ನೂ ಬೇರೆ. ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಮುಂದಿರುವವರು ಒಮ್ಮೆ ‘ಕೆ. ಆರ್.’ ಎಂದು ಮೊದಲು ಬರೆದು, ಇನ್ನೊಮ್ಮೆ ಕೊನೆಯಲ್ಲಿ ಬರೆದು, ಮತ್ತೊಮ್ಮೆ ಬಿಟ್ಟೇಬಿಟ್ಟರೆ ಯಂತ್ರದ ಕಣ್ಣಿಗೆ ಮೂವರು. ಮದುವೆಯಾದ ಮೇಲೆ ಹೆಸರು ಬದಲಿಸಿದವರು, ಲಿಂಗ ಬದಲಾವಣೆಯ ನಂತರ ಹೊಸ ಹೆಸರು ಪಡೆದವರು ಹಳೆಯ ಹೆಸರಿನಲ್ಲೇ ಪಟ್ಟಿಯಲ್ಲಿ ಉಳಿಯುತ್ತಾರೆ.

ಸುಮ್ಮನೆ ತಿದ್ದಿಬಿಡಬಾರದೇ? ಅಷ್ಟು ಸುಲಭವಲ್ಲ. ಗಿಟ್ ಪ್ರತಿ ನಮೂದಿಗೂ ಅದರ ಒಳಗಿನ ವಿವರದಿಂದಲೇ ಒಂದು ಬೆರಳಚ್ಚು ಲೆಕ್ಕಹಾಕುತ್ತದೆ, ಪ್ರತಿ ನಮೂದೂ ಹಿಂದಿನದರ ಬೆರಳಚ್ಚನ್ನು ಹೊತ್ತಿರುತ್ತದೆ. ಹತ್ತು ವರ್ಷದ ಹಿಂದಿನ ಒಂದು ಹೆಸರನ್ನು ತಿದ್ದಿದರೆ ಅಲ್ಲಿಂದೀಚಿನ ಎಲ್ಲ ಬೆರಳಚ್ಚೂ ಬದಲಾಗುತ್ತದೆ. ಇತಿಹಾಸ ಕದಲಬಾರದೆಂಬ ಗುಣವೇ ಇಲ್ಲಿ ಅಡ್ಡಿ. ಆದ್ದರಿಂದ ‘ಮೇಲ್‌ಮ್ಯಾಪ್’ ಎಂಬ ತಿದ್ದೋಲೆಯನ್ನು ಪಕ್ಕದಲ್ಲಿ ಇಡುತ್ತಾರೆ. ಇಂಥ ಹೆಸರು ಕಂಡಲ್ಲಿ ಇಂಥದೆಂದು ಓದಿಕೊಳ್ಳಿ ಎಂಬುದು ಅದರ ಸಾರ. ಕರ್ಲ್ ಬಳಗವೂ ಬೇರೆ ಬೇರೆಯಾಗಿ ಬರೆದ ಹೆಸರುಗಳನ್ನು ಒಂದು ಮಾಡಲು ಇಂಥದೇ ಕಡತ ಇಟ್ಟುಕೊಂಡಿದೆ. ಮಂಗಳದ ಬಿಲ್ಲೆಯೂ ಅಷ್ಟೆ. ಯಾರ ಹಳೆಯ ಇ-ಮೇಲ್ ಗಿಟ್‌ಹಬ್ ಖಾತೆಗೆ ಜೋಡಣೆಯಾಗಿರಲಿಲ್ಲವೋ ಅವರಿಗೆ ಅದು ಸಿಗುವಂತಿರಲಿಲ್ಲ.

ಹೆಸರಿನ ಆಸೆ, ಹೆಸರಿನ ಭಾರ

ಹೆಸರು ಸುಲಭವಾಗಿ ಸಿಗುತ್ತದೆ ಎಂದಾಗ ಹೆಸರಿಗಾಗಿಯೇ ಬರುವವರೂ ಹುಟ್ಟುತ್ತಾರೆ. ಪ್ರತಿ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶಕ್ಕೆ ಕೊಡುಗೆ ನೀಡಿದವರಿಗೆ ಟೀ ಶರ್ಟ್ ಕೊಡುವ ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ಕಾರ್ಯಕ್ರಮವಿತ್ತು. 2020ರಲ್ಲಿ ಒಂದು ಪದ ಸೇರಿಸಿ, ಒಂದು ಚುಕ್ಕೆ ಅಳಿಸಿ ಕಳಿಸಿದ ಹುಸಿ ತಿದ್ದುಪಡಿಗಳ ಮಹಾಪೂರವೇ ಹರಿದು, ಒಪ್ಪಿಗೆ ಕೊಟ್ಟ ಬಳಗಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕಾಯಿತು. 2024ರ ಆರಂಭದಲ್ಲಿ ‘ಎಕ್ಸ್‌ಪ್ರೆಸ್’ ಎಂಬ ಪ್ರಸಿದ್ಧ ತಂತ್ರಾಂಶಕ್ಕೆ, ಅದರ ಪರಿಚಯ ಪುಟದಲ್ಲಿ ತಮ್ಮ ಹೆಸರು ಸೇರಿಸುವ ಕೋರಿಕೆಗಳು ರಾಶಿ ಬಿದ್ದವು. ವಿಡಿಯೊ ಪಾಠವೊಂದರಲ್ಲಿ ಉದಾಹರಣೆಗೆಂದು ತೋರಿಸಿದ್ದನ್ನು ನಮ್ಮ ದೇಶದ ವಿದ್ಯಾರ್ಥಿಗಳು ಹಾಗೆಯೇ ಮಾಡಿದ್ದರು. ನಗುವ ವಿಷಯವಲ್ಲ. ಕೆಲಸಕ್ಕಾಗಿ ಪರದಾಡುವ ವಿದ್ಯಾರ್ಥಿಗೆ ಆ ಒಂದು ಸಾಲಿನ ಬೆಲೆ ಎಷ್ಟೆಂಬುದನ್ನೂ ಅದು ಹೇಳುತ್ತದೆ.

ಅದೇ ಪುಸ್ತಕ ಹೊಗಳಿಕೆಗೂ ಬರುತ್ತದೆ, ದೂರಿಗೂ ಬರುತ್ತದೆ. ಯಾವ ಸಾಲನ್ನು ಯಾರು ಬರೆದರೆಂದು ತೋರಿಸುವ ಗಿಟ್‌ನ ಆದೇಶದ ಹೆಸರೇ ‘ಬ್ಲೇಮ್’, ಅಂದರೆ ದೂರು! 2014ರ ಏಪ್ರಿಲಿನಲ್ಲಿ ‘ಓಪನ್ ಎಸ್‌ಎಸ್‌ಎಲ್’ ಎಂಬ ಭದ್ರತಾ ತಂತ್ರಾಂಶದ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ ಜಗತ್ತು ಬೆಚ್ಚಿತು. ಆ ಸಾಲು 2011ರ ಡಿಸೆಂಬರ್ 31ರ ರಾತ್ರಿ ಸೇರಿದ್ದು, ಬರೆದವರು ಇಂಥವರು ಎಂದು ಪತ್ರಿಕೆಗಳು ಒಡನೆಯೇ ಬರೆದವು. ಕೋಟ್ಯಂತರ ರೂಪಾಯಿಯ ವಹಿವಾಟು ಕಾಯುತ್ತಿದ್ದ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ. ನೆಟ್ಟಗಿದ್ದಾಗ ಯಾರೂ ಕೇಳದ ಹೆಸರು ಕೆಟ್ಟಾಗ ಮನೆಮಾತಾಯಿತು.

ಹೆಸರು ಮುಖವಾಡವೂ ಆಗಬಹುದು. ‘ಜಿಯಾ ಟಾನ್’ ಎಂಬ ಹೆಸರಿನಿಂದ ‘ಎಕ್ಸ್‌ಝಡ್’ ಎಂಬ ತಂತ್ರಾಂಶಕ್ಕೆ ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ತಿದ್ದುಪಡಿಗಳು ಬಂದವು. ನಂಬಿಕೆ ಬೆಳೆಯಿತು, ಅಧಿಕಾರ ಸಿಕ್ಕಿತು. ಆ ಮೇಲೆ ಅದೇ ಕೈ ಕಳ್ಳಬಾಗಿಲು ಇಟ್ಟಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಸಂಪರ್ಕ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂಬ ಅನುಮಾನದ ಬೆನ್ನುಹತ್ತಿ ಕಂಡದ್ದನ್ನು ಪ್ರಕಟಿಸಿದರು. ಯಂತ್ರದ ಪಟ್ಟಿ ಕೆಲಸವನ್ನು ಎಣಿಸಬಲ್ಲದು, ಮನಸ್ಸನ್ನಲ್ಲ.

ಈಗಿನ ಹೊಸ ಚಿಂತೆ ಕೃತಕ ಬುದ್ಧಿಮತ್ತೆಯದು. ಮುಕ್ತ ತಂತ್ರಾಂಶಗಳನ್ನು ಓದಿ ಕಲಿತ ಯಂತ್ರಗಳು ಕೇಳಿದ್ದನ್ನು ಬರೆದುಕೊಡುತ್ತವೆ, ಯಾರಿಂದ ಕಲಿತೆವೆಂದು ಹೇಳುವುದಿಲ್ಲ. ಈ ಬಗ್ಗೆ 2022ರ ನವೆಂಬರಿನಲ್ಲಿ ಗಿಟ್‌ಹಬ್, ಮೈಕ್ರೋಸಾಫ್ಟ್, ಓಪನ್ ಎಐ ಕಂಪನಿಗಳ ಮೇಲೆ ಅಮೆರಿಕದಲ್ಲಿ ಕೆಲವು ಪ್ರೋಗ್ರಾಮರುಗಳು ಮೊಕದ್ದಮೆ ಹೂಡಿದರು. ಅವರ ವಾದಗಳಲ್ಲಿ ಹಲವನ್ನು ಕೆಳ ನ್ಯಾಯಾಲಯ ತಳ್ಳಿಹಾಕಿತು. ಪ್ರಶ್ನೆ ಮಾತ್ರ ಉಳಿದಿದೆ: ಕೂಲಿ ಬೇಡವೆಂದವರ ಹೆಸರನ್ನೂ ಅಳಿಸಿದರೆ ನಾಳೆ ಹೂಳೆತ್ತಲು ಯಾರು ಬರುತ್ತಾರೆ?

ಕನ್ನಡದಲ್ಲಿ ಒಂದು ಸಾಲು

ಕನ್ನಡಿಗರಿಗೆ ಈ ಕಥೆಯಲ್ಲಿ ನೇರ ಪಾಲಿದೆ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಬಳಸುವ ‘ಗ್ನೋಮ್’, ‘ಕೆಡಿಇ’ ತಂತ್ರಾಂಶಗಳ ಮೆನು, ಗುಂಡಿ, ಸೂಚನೆಗಳನ್ನು ಕನ್ನಡಕ್ಕೆ ತಂದವರಿದ್ದಾರೆ. ‘ಕಡತ’, ‘ಉಳಿಸು’, ‘ಮುಚ್ಚು’ ಎಂಬಂಥ ಸಾವಿರಾರು ತುಣುಕುಗಳನ್ನು ಒಂದೊಂದಾಗಿ ಅನುವಾದಿಸಬೇಕು. ಯಾರೂ ಗಮನಿಸದ ಕೆಲಸ. ಆದರೆ ಅನುವಾದಿಸಬೇಕಾದ ಆ ತುಣುಕುಗಳ ನಡುವೆ ವಿಚಿತ್ರವಾದ ಒಂದು ತುಣುಕಿರುತ್ತದೆ. ಅದರ ಅರ್ಥ ‘ಅನುವಾದಕರಿಗೆ ಸಲ್ಲಬೇಕಾದ ಮನ್ನಣೆ’. ಅದನ್ನು ಅನುವಾದಿಸುವಂತಿಲ್ಲ, ಅಲ್ಲಿ ಅನುವಾದಕ ತನ್ನ ಹೆಸರನ್ನೇ ಬರೆಯಬೇಕು. ಮುಂದೆ ಯಾರಾದರೂ ಆ ತಂತ್ರಾಂಶವನ್ನು ಕನ್ನಡದಲ್ಲಿ ತೆರೆದು ‘ಇದರ ಬಗ್ಗೆ’ ಎಂಬಲ್ಲಿ ಒತ್ತಿದರೆ ಆ ಹೆಸರು ತಾನಾಗಿ ಮೂಡುತ್ತದೆ. ಫ್ರೆಂಚಿನಲ್ಲಿ ತೆರೆದವರಿಗೆ ಫ್ರೆಂಚ್ ಅನುವಾದಕರ ಹೆಸರು, ಕನ್ನಡದಲ್ಲಿ ತೆರೆದವರಿಗೆ ಕನ್ನಡದವರ ಹೆಸರು. ಈ ಏರ್ಪಾಟು ಮಾಡಿದವರು ಯಾರೋ, ಅನುವಾದದ ಸಂಕಟ ಬಲ್ಲವರೇ ಇರಬೇಕು.

ಓದುಗರು ಇದನ್ನೆಲ್ಲ ನೋಡಲು ದೂರ ಹೋಗಬೇಕಾಗಿಲ್ಲ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆಯಿರಿ. ‘ಫೋನಿನ ಬಗ್ಗೆ’ ಎಂಬಲ್ಲಿ ಒತ್ತಿ, ಕಾನೂನು ಮಾಹಿತಿಯ ಕೆಳಗೆ ಮುಕ್ತ ತಂತ್ರಾಂಶಗಳ ಪರವಾನಗಿ ಎಂಬ ಪುಟ ಹುಡುಕಿ. ಹೆಸರುಗಳನ್ನು ಅಳಿಸಬಾರದೆಂಬ ಪರವಾನಗಿಗಳ ಷರತ್ತಿನಂತೆ ಯಂತ್ರವೇ ಜೋಡಿಸಿಟ್ಟ ಆ ಪುಟ ಸರಿಸಿದಷ್ಟೂ ಮುಗಿಯುವುದಿಲ್ಲ. ಕರ್ಲ್‌ನ ಸ್ಟೆನ್‌ಬರ್ಗ್ ಅವರಿಗೆ ಆಗಾಗ ಅಪರಿಚಿತ ಕಾರು ಮಾಲೀಕರಿಂದ ಇ-ಮೇಲ್ ಬರುತ್ತದಂತೆ. ಕಾರಿನ ಪರದೆಯಲ್ಲಿ ಅಂಥದೇ ಪುಟದೊಳಗೆ ಅವರ ಹೆಸರು ವಿಳಾಸ ಕಂಡು, ನಮ್ಮ ಕಾರಿನ ವ್ಯವಸ್ಥೆ ಕೆಟ್ಟಿದೆ, ಸರಿಮಾಡಿಕೊಡಿ ಎಂದು ಬರೆಯುತ್ತಾರೆ. ಅವರ ಬಳಿ ಅದಕ್ಕೆ ಉತ್ತರವಿಲ್ಲ. ಆದರೂ ಆ ಸಣ್ಣ ಅಕ್ಷರಗಳ ನಡುವೆ ಒಂದು ಹೆಸರನ್ನು ಒಬ್ಬ ಮನುಷ್ಯ ಓದಿದ್ದಾನೆ.

ಯಂತ್ರ ಎಷ್ಟು ಹೆಸರು ಬೇಕಾದರೂ ಬರೆದಿಟ್ಟೀತು. ಓದುವ ಕೆಲಸ ಮಾತ್ರ ಅದರದಲ್ಲ. ನನ್ನ ಅಮ್ಮ ಈಗಲೂ ಪತ್ರಿಕೆ ಬಂದೊಡನೆ ಸುದ್ದಿಗಿಂತ ಮೊದಲು ಅದರ ಕೆಳಗಿನ ಹೆಸರು ನೋಡುತ್ತಾರೆ, ಬರೆದವರು ಯಾರ ಮನೆಯ ಮಕ್ಕಳಾದರೂ ಸರಿ.